ಬೇರೆ ಲೋಟ, ಒಂದೇ ರಗ್ಗು

ಧೈರ್ಯ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಸುತ್ತಿನ ನಾಲ್ಕು ಊರುಗಳಲ್ಲಿ ಇರಲಿಲ್ಲ. ಹಾಗೆಂದು ಊರಿನವರು ಅನ್ನುತ್ತಿದ್ದರು, ಅವರಿಗಿಂತ ಹೆಚ್ಚಾಗಿ ನಾನೇ ಅಂದುಕೊಂಡಿದ್ದೆ. ನಾನು ಆಶಾ ಕಾರ್ಯಕರ್ತೆ, ಹೆಸರು ಸುಜಾತ. ಮದ್ದೂರಿಗೂ ಮಂಡ್ಯಕ್ಕೂ ನಡುವೆ, ನಾಲೆ ಬಯಲಿನ ಊರು ನಮ್ಮದು. ಗುಲಾಬಿ ಸೀರೆ ಉಟ್ಟು ಹೆಗಲಿಗೆ ಚೀಲ ಹಾಕಿ ಬೆಳಿಗ್ಗೆ ಹೊರಟೆನೆಂದರೆ ಬಸುರಿಯರಿಗೆ, ಬಾಣಂತಿಯರಿಗೆ, ಸಕ್ಕರೆ ಕಾಯಿಲೆಯ ಮುದುಕರಿಗೆ ಒಂದೊಂದು ಡೋಸು ಧೈರ್ಯ ಕೊಟ್ಟೇ ಮನೆಗೆ ಬರುತ್ತಿದ್ದೆ. ಟಿ.ಬಿ. ಬಂದವರಿಗೆ ಹೇಳುವ ಮಾತಂತೂ ಬಾಯಿಪಾಠವಾಗಿತ್ತು. "ಆರು ತಿಂಗ್ಳು ಕಣವ್ವ, ಅಷ್ಟೆ. ದಿನಾ ಮಾತ್ರೆ ನುಂಗು, ನಗ್‌ನಗ್ತಾ ಇರು. ಏನಾಗಲ್ಲ."

ಆ ಮಾತನ್ನು ಆಡುವುದು ಎಷ್ಟು ಸುಲಭ, ಕೇಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಕಾಯಿಲೆ ನನಗೇ ಬಂದ ಮೇಲೆ ಗೊತ್ತಾಯಿತು. ಈಗ ವಾಸಿಯಾಗಿ ವರ್ಷವಾಗಿದೆ. ಕಾಯಿಲೆ ಬಂದದ್ದಕ್ಕೆ ನನಗೆ ನಾಚಿಕೆಯಿಲ್ಲ, ಅದು ಯಾರಿಗಾದರೂ ಬರುತ್ತದೆ. ಬಂದ ಮೇಲೆ ಐದು ವಾರ ನಾನು ನಡೆದುಕೊಂಡ ರೀತಿಗೆ ನಾಚಿಕೆಯಿದೆ. ಅದನ್ನು ಬಿಟ್ಟು ಬರೆದರೆ ಇದು ನನ್ನ ಇನ್ನೊಂದು ಭಾಷಣವಾಗುತ್ತದೆ, ಅಷ್ಟೆ.

ಭತ್ತದ ಒಕ್ಕಣೆಯ ಕಾಲದಲ್ಲಿ ಕೆಮ್ಮು ಶುರುವಾಯಿತು. ದೂಳಿಗೆ ಅಂದುಕೊಂಡೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಎಂದು ಊರಿನ ಗೋಡೆಗೆಲ್ಲ ಚೀಟಿ ಅಂಟಿಸಿದವಳು ನಾನು. ನನ್ನ ಕೆಮ್ಮು ಎರಡು ತಿಂಗಳು ದಾಟಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ರವಿಕೆಗಳು ಸಡಿಲವಾದವು. ಡೇರಿ ಹತ್ತಿರ ಹಾಲು ಹಾಕಲು ಬಂದ ಹೆಂಗಸರು, "ಏನ್ ಸುಜಾತಕ್ಕ, ಇಂಗೆ ತೆಳ್ಳಗಾಗ್ಬುಟ್ಟಿದ್ದೀಯ, ಅದೇನ್ ಮಾಡ್ದೆ ನಮ್ಗೂ ಒಸಿ ಹೇಳು" ಎಂದರೆ, ನಡಿಗೆ ಕಣ್ರೇ ಅಂತ ಬೀಗುತ್ತಿದ್ದೆ. ಒಂದು ದಿನ ಕೆಮ್ಮಿದ ಕರವಸ್ತ್ರದಲ್ಲಿ ರಕ್ತದ ಗೆರೆ ಕಂಡಿತು. ಬೀಗುವುದು ಅಲ್ಲಿಗೆ ನಿಂತಿತು.

ನಮ್ಮೂರಿನ ಕಫ ಪರೀಕ್ಷೆಯ ಡಬ್ಬಿಗಳು ಹೋಗುವುದು ನನ್ನ ಕೈಯಿಂದಲೇ. ಫಲಿತಾಂಶ ಬರುವುದೂ ನನ್ನ ಫೋನಿಗೇ. ಊರಿನ ರೋಗಿಗಳ ಪಟ್ಟಿ ಬರೆಯುವವಳು ನಾನು. ಆ ಪಟ್ಟಿಯಲ್ಲಿ ನನ್ನ ಹೆಸರು ಬರೆಯಬೇಕಾಗುತ್ತದಲ್ಲ ಎಂಬ ಒಂದೇ ಯೋಚನೆಗೆ ಊರಿನ ಡಬ್ಬಿಯನ್ನು ಮುಟ್ಟಲಿಲ್ಲ. ಮದ್ದೂರಿನಲ್ಲಿ ಎಲ್ಲ ನರ್ಸಮ್ಮಂದಿರೂ ಪರಿಚಯ, ಮಂಡ್ಯದಲ್ಲಿ ಅರ್ಧ ಜನ ಪರಿಚಯ. ಮಳವಳ್ಳಿಯಲ್ಲಿ ನನ್ನ ಅಕ್ಕನ ಮನೆಯಿತ್ತು. ಅಕ್ಕನಿಗೆ ಹುಷಾರಿಲ್ಲ, ನೋಡಿಕೊಂಡು ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಹೋದೆ. ಹುಷಾರಾಗಿದ್ದ ಅಕ್ಕನಿಗೆ ಹೀಗೆ ಕಾಯಿಲೆ ಅಂಟಿಸಿದ್ದು ನನ್ನ ಮೊದಲ ಸುಳ್ಳು.

ಮಳವಳ್ಳಿಯ ಆಸ್ಪತ್ರೆಯಲ್ಲಿ ಕಫ ಕೊಡಲು ಹಿಂಬದಿಯ ಬಯಲಿಗೆ ಹೋಗು ಎಂದರು. ಅಲ್ಲೊಂದು ಹೊಂಗೆ ಮರ. ಮರದ ಕೆಳಗೆ ನಿಂತು ಆಳದಿಂದ ಕೆಮ್ಮಿ ಡಬ್ಬಿಗೆ ಉಗುಳಬೇಕು. ಇದನ್ನು ಬೇರೆಯವರಿಗೆ ನೂರು ಸಲ ಹೇಳಿಕೊಟ್ಟಿದ್ದೇನೆ. "ಜೋರಾಗಿ ಕೆಮ್ಮವ್ವ, ಯಾರೂ ನೋಡಲ್ಲ." ಎಲ್ಲರೂ ನೋಡುತ್ತಾರೆ. ಕಾಂಪೌಂಡಿನ ಆಚೆ ಎಳನೀರು ಮಾರುವವನು ನೋಡಿದ, ಆಟೋದವನು ನೋಡಿದ. ಬೇಕೆಂದಾಗ ಕೆಮ್ಮೂ ಬರಲಿಲ್ಲ. ನನ್ನ ಹಿಂದೆ ಸರದಿಯಲ್ಲಿದ್ದ ಒಬ್ಬ ತಾತ ತನ್ನ ಡಬ್ಬಿ ಹಿಡಿದುಕೊಂಡು ಆಚೆ ತಿರುಗಿ ನಿಂತು, "ನಿಧಾನವಾಗಿ ಮಾಡವ್ವ, ನಂಗೇನ್ ಬಸ್ಸು ತಪ್ಪೋಯ್ತದಾ" ಎಂದ. ಆ ದಿನ ನನ್ನ ಕಣ್ಣಲ್ಲಿ ನೀರು ಬಂದದ್ದು ಆ ಮಾತಿಗೆ ಮಾತ್ರ.

ಫಲಿತಾಂಶ ಬಂದ ದಿನ ಮೇಜಿನ ಆಚೆ ಕುಳಿತಿದ್ದ ಹುಡುಗಿಗೆ ನನ್ನ ಮಗನ ವಯಸ್ಸು. ಫ್ಯಾನನ್ನು ನನ್ನ ಕಡೆ ತಿರುಗಿಸಿ, ಬಹಳ ಮೆತ್ತಗೆ ಮಾತಾಡಿದಳು. ನಾನು ಆಶಾ ಎಂದು ಹೇಳಲಿಲ್ಲ. ಈಗ ಅಕ್ಕನ ಮನೆಯಲ್ಲೇ ಇದ್ದೇನೆಂದು ಅಕ್ಕನ ವಿಳಾಸ ಬರೆಸಿದೆ. ಅವಳು ನನಗೆ ಚೆನ್ನಾಗಿ ಗೊತ್ತಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ ಹೋದಳು. ಕೊನೆಗೆ, "ಮನೇಲಿ ಐದು ವರ್ಷದೊಳಗಿನ ಮಕ್ಕಳು ಇದ್ದಾರಾ?" ಎಂದಳು.

"ಇಲ್ಲ" ಎಂದೆ.

ಅಕ್ಕನ ಮನೆಯಲ್ಲಿ ಇಲ್ಲವಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನನ್ನ ಮನೆಯಲ್ಲಿ ಮೊಮ್ಮಗಳು ಇಂಚರ ಇದ್ದಳು. ಮೂರು ವರ್ಷ. ಮಗ ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ, ಸೊಸೆ ಕಾವ್ಯ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಾಳೆ. ಮಗು ಹಾಲು ಬಿಟ್ಟ ದಿನದಿಂದ ಮಲಗುವುದು ನನ್ನ ಪಕ್ಕದಲ್ಲೇ, ನನ್ನ ರಗ್ಗಿನೊಳಗೇ, ಮೂಗಿಗೆ ಮೂಗು ತಾಗಿಸಿಕೊಂಡು.

ಯಾಕೆ ಮುಚ್ಚಿಟ್ಟೆ ಎಂದು ಹೇಳಬೇಕಾದರೆ ಜಯಮ್ಮನ ವಿಷಯ ಹೇಳಬೇಕು. ಜಯಮ್ಮ ನಮ್ಮೂರಿನ ಕೆಳಗಿನ ಕೇರಿಯವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾಟಿ ಹಾಕುವುದರಲ್ಲಿ ಅವಳಷ್ಟು ಚುರುಕು ಕೈ ಬೇರೆ ಇರಲಿಲ್ಲ. ನನಗಿಂತ ಎರಡು ವರ್ಷ ಮೊದಲು ಅವಳಿಗೆ ಟಿ.ಬಿ. ಬಂದಿತ್ತು. ನಾನು ಗುಲಾಬಿ ಸೀರೆಯಲ್ಲೇ ಅವಳ ಮನೆ ಮುಂದೆ ನಿಂತು, ಕೇರಿಗೆಲ್ಲ ಕೇಳುವಂತೆ, "ಮನೆಯವ್ರೆಲ್ಲ ಪರೀಕ್ಷೆಗೆ ಬರ್ಬೇಕು ಜಯಮ್ಮ, ಒಬ್ರೂ ತಪ್ಪಿಸ್ಕೊಳಂಗಿಲ್ಲ" ಎಂದು ಕೂಗಿ ಹೇಳಿದ್ದೆ. ಕೆಲಸದಲ್ಲಿ ನಾನು ಬಲು ಶಿಸ್ತು. ಆ ವರ್ಷ ಅವಳನ್ನು ಯಾರೂ ನಾಟಿಗೆ ಕರೆಯಲಿಲ್ಲ. ವಾಸಿಯಾದ ಮೇಲೂ ಕರೆಯಲಿಲ್ಲ. ಆರು ತಿಂಗಳು ಮಾತ್ರೆ ಕೊಡಲು ಹೋದಾಗಲೆಲ್ಲ ಅವಳು ಒಂದು ಲೋಟ ಮಜ್ಜಿಗೆ ತಂದು ಮುಂದಿಡುತ್ತಿದ್ದಳು. ನಾನು ನನ್ನ ನೀರಿನ ಬಾಟಲಿ ತೋರಿಸಿ, "ಈಗ ತಾನೆ ಕುಡಿದೆ ಕಣವ್ವ" ಎನ್ನುತ್ತಿದ್ದೆ. ಟಿ.ಬಿ. ಲೋಟದಿಂದ ಹರಡುವುದಿಲ್ಲ, ಉಸಿರಿನಿಂದ ಹರಡುತ್ತದೆ ಎಂದು ಅದೇ ಜಗುಲಿಯ ಮೇಲೆ ಕೂತು ಪಾಠ ಹೇಳಿದವಳು ನಾನೇ. ಮಜ್ಜಿಗೆ ಬೇಡವೆಂದದ್ದು ಕಾಯಿಲೆಗೋ ಕೇರಿಗೋ ಎಂದು ಈಗ ನನ್ನನ್ನು ನಾನು ಕೇಳಿಕೊಂಡರೆ, ಕಾಯಿಲೆಗೆ ಅಂತ ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ.

ಜಯಮ್ಮನಿಗೆ ಏನಾಯಿತೆಂದು ನನಗೆ ಗೊತ್ತಿತ್ತು. ನಾನೇ ಮಾಡಿದ್ದಲ್ಲವೇ? ಅದು ನನಗೂ ಆಗುತ್ತದೆಂದು ಹೆದರಿ ಮುಚ್ಚಿಟ್ಟೆ.

ಮನೆಯಲ್ಲಿ ನಿಮೋನಿಯಾ ಎಂದೆ. ಮಾತ್ರೆಗಳು ನನ್ನ ಕೆಲಸದ ಚೀಲದಲ್ಲೇ ಇದ್ದವು. ಆಶಾ ಚೀಲದಲ್ಲಿ ಮಾತ್ರೆ ಕಂಡರೆ ಯಾರು ಏನು ಕೇಳುತ್ತಾರೆ? ಮಾತ್ರೆ ಶುರುವಾದ ಮೇಲೆ ಮೂತ್ರ ಕುಂಕುಮದ ನೀರಿನಂತೆ ಬಂತು. ಹಾಗಾಗುತ್ತದೆಂದು ಎಲ್ಲರಿಗೂ ಮುಂಚೆಯೇ ಹೇಳುವವಳು ನಾನು, ಆದರೂ ಕಂಡಾಗ ಹೆದರಿದೆ. ಯಾರಾದರೂ ನೋಡಿಯಾರೆಂದು ಬಚ್ಚಲಿಗೆ ಎರಡೆರಡು ಬಕೆಟ್ಟು ನೀರು ಸುರಿಯುತ್ತಿದ್ದೆ.

ಇನ್ನು ನಾನು ಮಾಡಿದ ದೊಡ್ಡ ಜಾಣತನವನ್ನು ಹೇಳುತ್ತೇನೆ. ನನ್ನ ತಟ್ಟೆ, ಲೋಟವನ್ನು ಬೇರೆ ಮಾಡಿದೆ. ಯಾರಿಗೂ ಗೊತ್ತಾಗದಂತೆ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟು, ಊಟವಾದ ಮೇಲೆ ಬಿಸಿನೀರಿನಲ್ಲಿ ನಾನೇ ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಅಲ್ಲೇ ಬಚ್ಚಿಡುತ್ತಿದ್ದೆ. ಮಗುವಿಗೆ ಮುದ್ದೆಯ ತುತ್ತು ಕೊಡುವುದನ್ನೂ ನಿಲ್ಲಿಸಿದೆ. ಎಷ್ಟು ಹುಷಾರಾಗಿದ್ದೇನೆ ನೋಡು ಎಂದು ಸಮಾಧಾನಪಟ್ಟುಕೊಂಡೆ. ಮಗುವನ್ನು ಪಕ್ಕದಿಂದ ಬೇರೆ ಮಲಗಿಸಲಿಲ್ಲ. ಮಲಗಿಸಿದರೆ ಕಾವ್ಯ ಯಾಕೆ ಎಂದು ಕೇಳುತ್ತಿದ್ದಳು. ಏನೂ ಮಾಡದ ಲೋಟವನ್ನು ದೂರ ಇಟ್ಟೆ, ಎಲ್ಲವನ್ನೂ ಮಾಡುವ ಉಸಿರನ್ನು ಮೊಮ್ಮಗಳ ಮುಖಕ್ಕೆ ಬಿಡುತ್ತ ಮಲಗಿದೆ. ಓದು ಬರಹ ಇಲ್ಲದವರು ಯಾರಾದರೂ ಹೀಗೆ ಮಾಡಿದ್ದರೆ ಮೀಟಿಂಗಿನಲ್ಲಿ ಹೇಳಿಕೊಂಡು ನಗುತ್ತಿದ್ದೆ.

ಎರಡನೆಯ ಸಲ ಮಾತ್ರೆ ತರಲು ಮಳವಳ್ಳಿಗೆ ಹೋದ ದಿನ, ಬೆಳಗಿನ ಮಾತ್ರೆ ತಪ್ಪಿಹೋಗಿತ್ತು. ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಶೀಟಿನಿಂದ ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡೆ. ಬಾಟಲಿ ಕೆಳಗಿಳಿಸಿದರೆ ಎದುರಿಗೆ ಜಯಮ್ಮ ನಿಂತಿದ್ದಳು. ಅವಳ ಮಗಳನ್ನು ಮಳವಳ್ಳಿಗೆ ಕೊಟ್ಟಿದೆ, ಮಗಳ ಎರಡನೆಯ ಬಾಣಂತನಕ್ಕೆಂದು ಬಂದಿದ್ದಳು.

ಆರು ತಿಂಗಳು ನುಂಗಿದ ಮಾತ್ರೆಯ ಶೀಟು ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತ್ತು.

"ಅದ್ಯಾರ್ದು?" ಎಂದಳು.

"ಒಬ್ರು ಪೇಷಂಟ್‌ದು."

"ಪೇಸಂಟ್‌ದ ನೀವ್ಯಾಕ್ ನುಂಗಿದ್ರಿ?"

ಅವಳು ಪಕ್ಕದಲ್ಲಿ ಬಂದು ಕೂತಳು. ನಗುತ್ತಾಳೆ ಅಂದುಕೊಂಡೆ, ಇಲ್ಲವೇ ಆಡಿಕೊಳ್ಳುತ್ತಾಳೆ ಅಂದುಕೊಂಡೆ. ಎರಡಕ್ಕೂ ನಾನು ಯೋಗ್ಯಳಾಗಿದ್ದೆ. ಅವಳು ನನ್ನ ಮುಖ ನೋಡಿ, "ಮೊಮ್ಮಗಳು ಎಲ್ಲಿ ಮನೀಕತಾಳೆ?" ಎಂದಳು.

ನಾನು ತಲೆ ತಗ್ಗಿಸಿದೆ.

"ಸುಜಾತವ್ವ, ನಿಮ್ಮನ್ನೇ ಕೇಳ್ತಿರೋದು. ನೀವೇ ಹೇಳ್ಕೊಟ್ಟಿದ್ದು, ಉಸ್ರಲ್ಲಿ ಅದೆ ಅಂತ. ನನ್ ಮಗಳ ಕೂಸ ನಾನು ವರ್ಸ ಎತ್ಕೊಳ್ನಿಲ್ಲ, ನಿಮ್ ಮಾತ್ ಕೇಳ್ಕಂಡು. ಮಗು ಎಲ್ಲಿ ಮನೀಕತದೆ?"

"ನನ್ ಪಕ್ಕದಲ್ಲೇ" ಎಂದೆ.

"ಮನೇಲಿ ಹೇಳಿಲ್ವಾ?"

"ಇಲ್ಲ."

"ಥೂ" ಎಂದಳು ಜಯಮ್ಮ. ಉಗುಳಲಿಲ್ಲ, ಅಂದಳಷ್ಟೆ. ಎದ್ದು ಸೆರಗು ಕೊಡವಿಕೊಂಡು, "ನಾನು ಯಾರ್ಗೂ ಹೇಳಾಕಿಲ್ಲ. ನೀವು ಮಾಡ್ದಂಗೆ ನಾನು ಮಾಡಾಕಿಲ್ಲ. ಆದ್ರೆ ಇವತ್ತೇ ಓಗಿ ಹೇಳಿ. ಬಸ್ಸಿಂದ ಇಳಿದೇಟ್ಗೆ ಹೇಳಿ" ಎಂದು ಹೊರಟುಹೋದಳು.

ಮಳವಳ್ಳಿಯಿಂದ ಮದ್ದೂರಿನವರೆಗೆ ಬಸ್ಸಿನಲ್ಲಿ ನಾನು ಇನ್ನೂ ನೆಪ ಹುಡುಕುತ್ತಿದ್ದೆ. ಈಗಾಗಲೇ ಒಂದು ತಿಂಗಳು ಮಾತ್ರೆ ನುಂಗಿದ್ದೇನೆ, ನನ್ನಿಂದ ಹರಡುವ ಕಾಲ ಕಳೆದಿರುತ್ತದೆ, ಇನ್ನು ಹೇಳಿ ಏನು ಪ್ರಯೋಜನ ಎಂದೆಲ್ಲ. ಆದರೆ ಅದಕ್ಕೆ ಮುಂಚೆ ಎರಡು ತಿಂಗಳು ಕೆಮ್ಮಿದ್ದೇನಲ್ಲ. ಇಂಚರ ವಾರದಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅದು ಬೆಲ್ಲ ತಿಂದು ತಿಂದು ಎಂದು ಕಾವ್ಯ ಅಂದುಕೊಂಡಿದ್ದಳು. ನಾನೂ ಹಾಗೆ ಅಂದುಕೊಳ್ಳಲು ಪ್ರಯತ್ನ ಮಾಡಿದ್ದೆ.

ಮನೆಗೆ ಬಂದಾಗ ಮಧ್ಯಾಹ್ನ. ಕಾವ್ಯ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಚಪ್ಪಲಿ ಬಿಟ್ಟು ನೇರ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ. ಅವಳು ಮೊದಲು ಗ್ಯಾಸು ಆರಿಸಿದಳು.

"ಯಾವಾಗಿಂದ?"

"ಕೆಮ್ಮು ಮೂರ್ ತಿಂಗಳಿಂದ. ಗೊತ್ತಾಗಿ ಐದ್ ವಾರ."

"ಗೊತ್ತಾದ್ಮೇಲೂ ಮಗೀನ ಪಕ್ಕದಲ್ಲಿ ಮನಿಗಿಸ್ಕೊಂಡ್ರಾ ಅತ್ತೆ?"

ತಟ್ಟೆ ಲೋಟ ಬೇರೆ ಮಾಡಿದ್ದೆ ಎನ್ನುವ ಮಾತು ನಾಲಿಗೆಯ ತನಕ ಬಂತು. ಅದನ್ನಾದರೂ ನುಂಗಿಕೊಂಡೆನಲ್ಲ, ಪುಣ್ಯ.

"ಊರ್ಗೆಲ್ಲ ಹೇಳೋರು ನೀವು" ಎಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಬೀದಿಗೆ ಹೋಗಿ ನಿಂತು ಗಂಡನಿಗೆ ಫೋನು ಮಾಡಿದಳು. ನನ್ನ ಗಂಡ ಗದ್ದೆಯಿಂದ ಬಂದು ವಿಷಯ ಕೇಳಿ, ನನ್ನ ಮಂಚವನ್ನು ಎತ್ತಿ ಗಾಳಿ ಬೆಳಕು ಬೀಳುವ ಮುಂದಿನ ಜಗುಲಿಗೆ ಹಾಕಿದರು. ಆಮೇಲೆ, "ನಂಗಾರಾ ಹೇಳ್ಬಾರ್ದಾಗಿತ್ತಾ?" ಎಂದರು.

ಮಾರನೆಯ ದಿನ ಎಲ್ಲರೂ ಮಂಡ್ಯಕ್ಕೆ ಹೋದೆವು. ಕಾವ್ಯ ಮಗುವಿನ ಜೊತೆ ಮುಂದಿನ ಸೀಟಿನಲ್ಲಿ, ನಾನು ಮಾಸ್ಕು ಹಾಕಿಕೊಂಡು ಬಸ್ಸಿನ ಕೊನೆಯ ಕಿಟಕಿಯ ಪಕ್ಕ. ಆಸ್ಪತ್ರೆಯಲ್ಲಿ ಪರಿಚಯದ ನರ್ಸು ಒಬ್ಬರು, "ಏನ್ ಸುಜಾತ, ಯಾರನ್ನ ಕರ್ಕೊಂಡ್ ಬಂದಿದ್ದೀಯ?" ಎಂದು ನಗುತ್ತ ಬಂದರು. "ನಾನೇ ಮೇಡಂ, ನನಗೇ" ಎಂದೆ. ಅವರ ನಗು ನಿಂತಿತು, ಆದರೆ ನನ್ನ ಭುಜದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ವಿಳಾಸದ ಸುಳ್ಳನ್ನೂ ಅವರಿಗೆ ಅಲ್ಲೇ ಹೇಳಿದೆ. ಬೈದರು, ಕಾಗದಗಳನ್ನು ನಮ್ಮೂರಿಗೆ ಬದಲಾಯಿಸಿಕೊಟ್ಟರು.

ಎಕ್ಸ್‌ರೇ ಕೋಣೆಯ ಒಳಗಿಂದ ಇಂಚರ ಅಳುವುದು ಕೇಳುತ್ತಿತ್ತು. "ಅಜ್ಜೀ, ಅಜ್ಜೀ" ಎಂದು ನನ್ನನ್ನೇ ಕೂಗುತ್ತಿದ್ದಳು. ನಾನು ಎದ್ದೆ. ಬಾಗಿಲಲ್ಲಿ ನಿಂತಿದ್ದ ಮಗ ನನ್ನ ಕಡೆ ಒಮ್ಮೆ ನೋಡಿದ. ಮತ್ತೆ ಕೂತೆ. ವರದಿ ಬರುವ ತನಕ ಆ ಬೆಂಚಿನ ಮೇಲೆ ಕುಳಿತ ಹೊತ್ತಿನಲ್ಲಿ ನಾನು ಯಾವ ಧೈರ್ಯವನ್ನೂ ಹೇಳಿಕೊಳ್ಳಲಿಲ್ಲ. ನಗ್‌ನಗ್ತಾ ಇರು, ಒಳ್ಳೇದನ್ನೇ ಯೋಚನೆ ಮಾಡು ಎಂದು ನಾನು ಎಷ್ಟು ಜನ ತಾಯಂದಿರಿಗೆ ಇಂಥ ಬೆಂಚುಗಳ ಮೇಲೆ ಹೇಳಿದ್ದೇನೋ. ಅವರು ನನ್ನ ಕಪಾಳಕ್ಕೆ ಬಾರಿಸದೆ ಬಿಟ್ಟದ್ದು ಅವರ ದೊಡ್ಡತನ.

ಮಗುವಿಗೆ ಕಾಯಿಲೆ ಇರಲಿಲ್ಲ. ಆದರೂ ಮುಂದೆ ಬರದಂತೆ ಕೆಲವು ತಿಂಗಳು ಮಾತ್ರೆ ಕೊಡಬೇಕೆಂದರು. ಕಾವ್ಯ ಆಗ ಅತ್ತಳು. ನನ್ನ ಕಡೆ ನೋಡದೆ, ಗೋಡೆಯ ಕಡೆ ತಿರುಗಿ ಅತ್ತಳು. ಅಲ್ಲಿಂದಲೇ ಮಗುವನ್ನು ಕರೆದುಕೊಂಡು ಯಲಿಯೂರಿನ ತವರಿಗೆ ಹೋದಳು. ಎರಡು ತಿಂಗಳು ಬರಲಿಲ್ಲ. ನಾನು ಬಾ ಎಂದು ಕರೆಯಲಿಲ್ಲ, ಕರೆಯುವ ಮುಖ ನನಗಿರಲಿಲ್ಲ.

ಆ ಎರಡು ತಿಂಗಳು ಜಗುಲಿಯ ಮಂಚದ ಮೇಲೆ ಕಳೆದೆ. ಊರಿನ ಪಟ್ಟಿಯಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಹೆದರಿದಷ್ಟು ಏನೂ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಬ್ಬರು ಬಸುರಿಯರು ಬೇರೆ ಆಶಾ ಬೇಕು ಎಂದರು. ಡೇರಿಯಲ್ಲಿ ನನ್ನ ಕ್ಯಾನನ್ನು ಪಕ್ಕಕ್ಕೆ ಇಡಿಸಿದರು. ಹಾಗೆಯೇ ಒಳ್ಳೆಯದೂ ಆಯಿತು. ಯಜಮಾನರು ದಿನಾ ಎರಡು ಮೊಟ್ಟೆ ಬೇಯಿಸಿ, ಬಿಳಿಯ ಅರ್ಧವನ್ನು ಸಿಪ್ಪೆಯ ಜೊತೆಗೇ ಕಿತ್ತುಹಾಕಿ, ಉಳಿದದ್ದನ್ನು ತಂದು ಕೊಡುತ್ತಿದ್ದರು. ಪಕ್ಕದ ಮನೆಯವಳು ಉಪ್ಸಾರನ್ನು ನನ್ನ ಬೇರೆ ತಟ್ಟೆಗೆ ಬಗ್ಗಿಸದೆ ತನ್ನ ಮನೆಯ ಬಟ್ಟಲಲ್ಲೇ ತಂದಿಟ್ಟು, ಸಂಜೆ ಆ ಬಟ್ಟಲನ್ನು ಹಾಗೇ ಎತ್ತಿಕೊಂಡು ಹೋದಳು. ಕೊಟ್ಟಿಗೆಯ ಗೂಡಿನಲ್ಲಿದ್ದ ತಟ್ಟೆ ಲೋಟವನ್ನು ಅವತ್ತೇ ಅಡುಗೆಮನೆಗೆ ತಂದೆ.

ಕಾವ್ಯ ಒಂದು ದಿನ ತಾನಾಗಿಯೇ ಬಂದಳು. ನಾನು ಕ್ಷಮೆ ಕೇಳಿದೆ. "ಆಯ್ತು ಅತ್ತೆ" ಎಂದಳು, ಮಿಷನ್ನಿನ ಮುಂದೆ ಕೂತಳು. ಈಗ ಮಾತಾಡುತ್ತಾಳೆ, ನಗುತ್ತಾಳೆ. ಮಗು ಮಾತ್ರ ಅವಳ ಪಕ್ಕದಲ್ಲೇ ಮಲಗುತ್ತದೆ. ಅದು ಹಾಗೇ ಇರಲಿ. ಇಂಚರಳಿಗೆ ತಾನೂ ಅಜ್ಜಿಯಂತೆ ಮಾತ್ರೆ ನುಂಗುತ್ತೇನೆಂದು ಭಾರಿ ಜಂಬವಿತ್ತು. ದಿನಾ ಬೆಳಿಗ್ಗೆ ಓಡಿಬಂದು, "ಅಜ್ಜಿ, ನಂದಾಯ್ತು, ನಿಂದು?" ಎಂದು ಬಾಯಿ ಕಳೆದು ತೋರಿಸುತ್ತಿದ್ದಳು. ಆ ಪುಟ್ಟ ಬಾಯಿಯೊಳಗೆ ನೋಡುವುದು ನನಗೆ ಆ ಇಡೀ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಕಷ್ಟವಾಗಿತ್ತು.

ವಾಸಿಯಾಯಿತೆಂದು ಬರೆದುಕೊಟ್ಟ ವಾರ ಜಯಮ್ಮನ ಮನೆಗೆ ಹೋದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಅವತ್ತು ಕೂಗಿ ಹೇಳಿದ್ದು, ಮಜ್ಜಿಗೆ ಬೇಡವೆಂದದ್ದು, ಎರಡಕ್ಕೂ ತಪ್ಪಾಯಿತು ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಆಯ್ತು ಬುಡಿ" ಎಂದಳು. ಇನ್ನೊಂದು ಕಾಯಿ ಬಿಡಿಸಿ, "ಬುಡಿ ಅಂದೆ ಅಂತ ಮರ್ತೆ ಅಂದ್ಕೋಬೇಡಿ" ಎಂದಳು.

ಮಜ್ಜಿಗೆ ಕೊಡಲಿಲ್ಲ. ಕೇಳುವ ಹಕ್ಕು ನನಗೂ ಇರಲಿಲ್ಲ. ಆ ನಾಟಿಯಲ್ಲಿ ನಮ್ಮ ಗದ್ದೆಗೆ ಅವಳನ್ನೇ ಮೊದಲು ಕರೆಯಲು ಯಜಮಾನರನ್ನು ಕಳಿಸಿದೆ. ಬಂದಳು, ಹೆಚ್ಚು ಕೂಲಿ ಕೇಳಿ, ಮಾತು ಮಾಡಿಕೊಂಡೇ ಬಂದಳು. ಬದುವಿನ ಮೇಲೆ ನನ್ನನ್ನು ಕಂಡರೆ ತಲೆ ಆಡಿಸುತ್ತಾಳೆ, ಅಷ್ಟೆ.

ಈಗ ಟಿ.ಬಿ. ಇರುವ ಮನೆಗಳಿಗೆ ಗುಲಾಬಿ ಸೀರೆ ಉಟ್ಟು ಹೋಗುವುದಿಲ್ಲ. ಮನೆ ಸೀರೆಯಲ್ಲಿ, ಸೊಪ್ಪು ಕೇಳಲು ಬಂದವಳಂತೆ ಹೋಗುತ್ತೇನೆ. ಧೈರ್ಯ ಹೇಳುವುದು ಕಡಿಮೆಯಾಗಿದೆ. ಕೂತು ಕೇಳುತ್ತೇನೆ.

ಕಳೆದ ತಿಂಗಳು ಪವಿತ್ರಳಿಗೆ ಕಾಯಿಲೆ ಎಂದು ಗೊತ್ತಾಯಿತು. ನಮ್ಮೂರಿಗೆ ಹೊಸದಾಗಿ ಬಂದ ಸೊಸೆ. ಏಳು ತಿಂಗಳ ಕೂಸು ತೊಟ್ಟಿಲಲ್ಲಿತ್ತು, ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ವಿಷಯ ಹೇಳಿದಾಗ ಆ ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕ, ನಿಮ್ ಕಾಲಿಗ್ ಬೀಳ್ತೀನಿ, ನಮ್ಮತ್ತೆಗೆ ಗೊತ್ತಾಗ್ಬಾರ್ದು. ಮಾತ್ರೆ ಕದ್ದು ನುಂಗ್ತೀನಿ."

"ನಾನು ಹೇಳಲ್ಲ ಕಣವ್ವ. ನೀನೇ ಹೇಳ್ಬೇಕು" ಎಂದೆ.

"ನಿಮ್ಗೂ ಬಂದಿತ್ತಂತಲ್ಲ. ನೀವು ಮನೇಲಿ ಯಾವಾಗ್ ಹೇಳಿದ್ರಿ?"

ಅವತ್ತೇ ಹೇಳಿದೆ ಎನ್ನಬಹುದಿತ್ತು. ಅವಳಿಗೆ ಧೈರ್ಯ ಬರುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಹಳೆಯ ಸುಜಾತಳ ಬಾಯಿಗೆ ಆ ಸುಳ್ಳು ತಾನಾಗಿ ಬರುತ್ತಿತ್ತು.

"ಐದು ವಾರ ಹೇಳ್ಲಿಲ್ಲ" ಎಂದೆ.

"ಮನೇಲಿ ಕೂಸು ಇತ್ತಾ?"

"ಇತ್ತು. ಮೂರು ವರ್ಷದ್ದು. ಗೊತ್ತಿದ್ದೂ ನನ್ ಪಕ್ಕದಲ್ಲೇ ಮನಿಗಿಸ್ಕೊಂಡೆ."

ಪವಿತ್ರ ನನ್ನ ಕೈ ಬಿಟ್ಟಳು. ಎಂಥ ಹೆಂಗಸು ನೀನು ಎನ್ನುವಂತೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಲಿಲ್ಲ, ನೋಡಲಿ ಎಂದು ಕೂತಿದ್ದೆ. ಅವಳು ತೊಟ್ಟಿಲ ಕಡೆ ತಿರುಗಿದಳು, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡಳು, ಎದ್ದು ಹಿತ್ತಲ ಬಾಗಿಲಿಗೆ ಹೋದಳು.

"ಅತ್ತೆ, ಬಟ್ಟೆ ಅಲ್ಲೇ ಬುಟ್ಟು ಒಸಿ ಬನ್ನಿ. ಕೂಸ ನೀವ್ ಎತ್ಕೊಳಿ. ನಾನೊಂದ್ ವಿಸ್ಯ ಹೇಳ್ಬೇಕು."